ಹಾಲು ಹೆಚ್ಚಾದ ಚಳಿಗಾಲ

ಮಾನ್ಯ ಓದುಗರಲ್ಲಿ ಗೌರವಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಬರಹವನ್ನು ಕೈಯಿಂದಲೇ ಬರೆದಿರುತ್ತೇನೆ ಮತ್ತು ನನ್ನ ಅಕ್ಷರ ಚೆಂದವಿಲ್ಲ. ಒತ್ತಕ್ಷರಗಳಲ್ಲಿ, ದೀರ್ಘಗಳಲ್ಲಿ ತಪ್ಪು ನುಸುಳಿರುವ ಸಂಭವವಿರುವುದರಿಂದ ಮೊದಲೇ ಕ್ಷಮೆ ಕೋರುತ್ತೇನೆ. ನಾನು ಮಾಳವ್ವ, ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ. ಇಲ್ಲಿಯವರೆಗೆ ಕನ್ನಡದಲ್ಲಿ ನಾನು ಬರೆದದ್ದೆಲ್ಲ ರಜೆಯ ಮನವಿ, ಮರುನೇಮಕದ ಮನವಿ, ಬಸ್ ಪಾಸಿನ ಮನವಿ, ಇಷ್ಟೇ. ಬೇರೆ ಬಗೆಯ ಬರವಣಿಗೆ ತಿಳಿಯದ ಕಾರಣ ಇದೂ ಅದೇ ಧಾಟಿಯಲ್ಲಿ ಸಾಗಿದರೆ ದಯವಿಟ್ಟು ಸಹಿಸಿಕೊಳ್ಳಬೇಕು.

ಬರೆಯಲು ಕಾರಣವಾದದ್ದು ಒಂದು ವಾಸನೆ. ಕಳೆದ ವಾರ ಇಂಡಿಯಿಂದ ಸಿಂದಗಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಹಿರಿಯರು ತೊಯ್ದ ಕಂಬಳಿ ಹೊದ್ದು ನನ್ನ ಮುಂದಿನ ಆಸನದಲ್ಲಿ ಕುಳಿತರು. ಕುರಿ ಉಣ್ಣೆ ಒದ್ದೆಯಾದಾಗ ಬರುವ ಆ ಘಾಟು ಬಹಳ ಜನರಿಗೆ ಹಿಡಿಸುವುದಿಲ್ಲ. ಪಕ್ಕದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮೋರಟಗಿಯ ಕುರಿ ಕಾಯುವ ಮನೆತನದವಳಾದ್ದರಿಂದ ನನಗೆ ಅದು ತವರಿನ ವಾಸನೆ. ಆದರೆ ಆ ದಿನ ಅದರಿಂದ ಸಂತೋಷವಾಗಲಿಲ್ಲ, ದಣಿವಾಯಿತು. ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲ ಪೂರ್ತಿಯಾಗಿ ಮೈಮೇಲೆ ಬಂದು ಕುಳಿತಂತಾಯಿತು. ಸದರಿ ಚಳಿಗಾಲದ ವಿವರವನ್ನು ಈ ಕೆಳಗೆ ನಿವೇದಿಸಿರುತ್ತೇನೆ.

ಆ ವರ್ಷ ಕುರಿಗಳಿಗೆ ಜ್ವರ ಮತ್ತು ಭೇದಿಯ ರೋಗ ಬಿದ್ದಿತ್ತು. ದೊಡ್ಡ ಕುರಿಗಳು ಹೇಗೋ ತಡೆದುಕೊಂಡರೂ ಹೊಸ ಮರಿಗಳು ತಡೆಯುತ್ತಿರಲಿಲ್ಲ. ಒಂದು ಸೇವಾಸಂಸ್ಥೆಯವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳಲ್ಲಿ ಲಸಿಕೆ ಹಾಕಿಸಲು ಮುಂದೆ ಬಂದರು. ಲಸಿಕೆಯನ್ನು ತಂಪಾಗಿಟ್ಟು ಒಯ್ಯುವ ಗಾಡಿ ಒಂದೇ ಇತ್ತು. ಒಂದು ತಾಲೂಕು ಪೂರೈಸದೆ ಅದು ಮುಂದಿನ ತಾಲೂಕಿಗೆ ಹೋಗುವಂತಿರಲಿಲ್ಲ. ಕೊನೆಯ ತಾಲೂಕಿಗೆ ತಲುಪುವಷ್ಟರಲ್ಲಿ ಕುರಿ ಈಯುವ ಕಾಲವೇ ಮುಗಿದು, ಸಾಯುವ ಮರಿಗಳು ಸತ್ತು ಹೋಗಿರುತ್ತಿದ್ದವು. ಆದ್ದರಿಂದ ಯಾವ ತಾಲೂಕಿನಲ್ಲಿ ಮರಿಗಳ ಸಾವು ಹೆಚ್ಚೋ ಅಲ್ಲಿಂದ ಆರಂಭಿಸಬೇಕೆಂದು ಸಂಸ್ಥೆ ತೀರ್ಮಾನಿಸಿತು. ಆ ಸರದಿಯನ್ನು ಲೆಕ್ಕ ಹಾಕಿ ಕೊಡುವ ಕೆಲಸ ನನ್ನ ಮಾರ್ಗದರ್ಶಕರಾದ ಗುರುಪಾದಯ್ಯ ಸರ್ ಅವರಿಗೆ ಬಂತು. ಅವರು ನಿವೃತ್ತರಾಗಿ ಮುದ್ದೇಬಿಹಾಳದಲ್ಲಿ ನೆಲೆಸಿದ್ದರು. ಅವರಿಗೆ ಮೊಣಕಾಲು ನೋವು. ಹೀಗಾಗಿ ಓಡಾಟದ ಕೆಲಸ ನನಗೂ ಪಶು ಪರೀಕ್ಷಕರಾದ ಶಿವಾನಂದರಿಗೂ ಬಂತು.

ಲೆಕ್ಕದ ಬಗೆಯನ್ನು ಸ್ವಲ್ಪ ತಿಳಿಸುವುದು ಅಗತ್ಯ. ಎಲ್ಲ ಹಿಂಡುಗಳನ್ನೂ ನೋಡಲು ಸಾಧ್ಯವಿರಲಿಲ್ಲ, ನೋಡಿದ್ದು ಕೆಲವನ್ನು ಮಾತ್ರ. ಸ್ವಲ್ಪ ಮಾಹಿತಿಯಿಂದ ದೊಡ್ಡ ಮಾತು ಹೇಳಬೇಕಾದಾಗ ಬೇಸಿಯನ್ ಸಂಖ್ಯಾಶಾಸ್ತ್ರ ಉಪಯೋಗಕ್ಕೆ ಬರುತ್ತದೆ. ಅದರ ಪ್ರಕಾರ, ನೋಡುವ ಮೊದಲೇ ನಮಗೊಂದು ನಂಬಿಕೆ ಇರುತ್ತದೆ; ಕಂಡದ್ದನ್ನು ಅದಕ್ಕೆ ಸೇರಿಸಿದಾಗ ನಂಬಿಕೆಯ ಆಕಾರ ಬದಲಾಗುತ್ತದೆ. ಆ ಆಕಾರವನ್ನು ಒಂದು ಗುಡ್ಡವೆಂದು ಭಾವಿಸಬಹುದು. ಎಲ್ಲಿ ಗುಡ್ಡ ಎತ್ತರವೋ ಅಲ್ಲಿ ಸತ್ಯ ಇರುವ ಸಂಭವ ಹೆಚ್ಚು. ಆದರೆ ಇಡೀ ಗುಡ್ಡವನ್ನು ಅಳೆಯುವ ಗಣಿತ ಕೈಯಿಂದ ಬಿಡಿಸಲಾಗದಷ್ಟು ಕಠಿಣ. ಕಂಪ್ಯೂಟರಿಗೆ ಕೊಟ್ಟರೆ ಅದು ಲಕ್ಷಗಟ್ಟಲೆ ಸಲ ಕಲ್ಲೆಸೆದಂತೆ ಎಸೆದು ಗುಡ್ಡದ ಆಕಾರ ಕಂಡುಹಿಡಿಯುತ್ತದೆ. ನಮ್ಮ ಕಾಲೇಜಿನ ಹಳೆಯ ಕಂಪ್ಯೂಟರ್ ಆ ಕೆಲಸವನ್ನು ಅರ್ಧ ಮಾಡುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು, ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಸರ್ ಅವರು ಹಳೆಯ ದಾರಿ ಹಿಡಿದರು. ಗುಡ್ಡದ ನೆತ್ತಿಯನ್ನು ಹುಡುಕುವುದು, ನೆತ್ತಿಯಲ್ಲಿ ಇಳಿಜಾರು ಎಷ್ಟು ಕಡಿದಾಗಿದೆ ನೋಡುವುದು, ಅಷ್ಟೇ ಕಡಿದಾದ ಗಂಟೆಯಾಕಾರದ ರೇಖೆಯನ್ನು ಅದರ ಮೇಲೆ ಕವುಚಿ ಇಡುವುದು. ಇನ್ನುಳಿದ ಗುಡ್ಡವೂ ಹಾಗೆಯೇ ಇದೆಯೆಂದು ಒಪ್ಪಿಕೊಳ್ಳುವುದು. ಇದನ್ನು ಲಾಪ್ಲಾಸ್ ಅಂದಾಜು ಎನ್ನುತ್ತಾರೆ. ಕಾಗದ ಪೆನ್ಸಿಲ್ ಸಾಕು, ಒಂದು ಮಧ್ಯಾಹ್ನದ ಕೆಲಸ.

ಆ ಮಧ್ಯಾಹ್ನಗಳಿಗಾಗಿ ನಾನು ಪಟ್ಟ ಪಾಡು ಬೇರೆ. ಬೆಳಿಗ್ಗೆ ಇಂಡಿಯಲ್ಲಿ ಪಾಠ, ಆಮೇಲೆ ಬಸ್ಸು. ತಾಳಿಕೋಟೆಯಲ್ಲಿ ಮುದ್ದೇಬಿಹಾಳದ ಬಸ್ಸಿಗೆ ಕಾಯುವುದು. ಕಪ್ಪು ಮಣ್ಣಿನ ಹೊಲಗಳಲ್ಲಿ ಬಿಳಿಜೋಳ ತೆನೆ ಹಿಡಿಯುತ್ತಿತ್ತು, ಗಾಳಿ ತುಟಿ ಒಡೆಯುವಷ್ಟು ಒಣಗಿತ್ತು. ಎಲ್ಲಿ ಕುಳಿತರೂ ಕಣ್ಣುಗಳು ತಾವಾಗಿ ಮುಚ್ಚುತ್ತಿದ್ದವು. ಆ ವರ್ಷದ ನಿದ್ದೆಯನ್ನೆಲ್ಲ ನಾನು ಬಸ್ಸಿನ ಕಿಟಕಿಗೆ ತಲೆಯಾನಿಸಿಯೇ ಮಾಡಿದ್ದೇನೆಂದರೆ ಸುಳ್ಳಾಗಲಾರದು.

ಕೆಲಸದ ಹಂಚಿಕೆಯಲ್ಲಿ ಸರ್ ಅವರು ಒಂದು ನಿಯಮ ಮಾಡಿದರು. ಸಿಂದಗಿ ತಾಲೂಕಿಗೆ ನಾನು ಹೋಗಕೂಡದು. ಮೋರಟಗಿಯಲ್ಲಿ ನನ್ನ ಅಣ್ಣ ಬೀರಪ್ಪನ ಹಿಂಡು ಇತ್ತು. ಸ್ವಂತ ಊರಿನ ಕಡೆ ವಾಲಿದಳೆಂಬ ಮಾತು ಬರಬಾರದೆಂದು ಸಿಂದಗಿಯನ್ನು ಶಿವಾನಂದರಿಗೆ ಒಪ್ಪಿಸಿದರು. ಶಿವಾನಂದರು ಬಸವನ ಬಾಗೇವಾಡಿ ತಾಲೂಕಿನ ಮಸೂತಿಯವರಾದ್ದರಿಂದ ಆ ತಾಲೂಕು ನನಗೆ. ಇಂಡಿ ಮತ್ತು ಮುದ್ದೇಬಿಹಾಳವೂ ನನಗೆ. ನಿಯಮ ನ್ಯಾಯವಾಗಿಯೇ ಇತ್ತು. ಅಂದು ನನಗೂ ಹಾಗೆಯೇ ಅನಿಸಿತು.

ಮಸೂತಿಯ ಹತ್ತಿರದ ಒಂದು ಹೊಲದಲ್ಲಿ ಕುರಿಗಾರರು ಕುರಿ ತರುಬಿ ಬೀಡುಬಿಟ್ಟಿದ್ದರು. ಊರಿನ ದಾರಿ ತೋರಿಸಲೆಂದು ಆ ದಿನ ಶಿವಾನಂದರೂ ಬಂದಿದ್ದರು. ಅವರು ಗಂಡಸರ ಕಡೆ ಹೋಗಿ ಮಾತು ತೆಗೆದರು.

"ಏನ್ ಮಾವಾ, ಎಷ್ಟ ಮರಿ ಸತ್ತಾವ?"

"ಎಲ್ಲಾ ಚೊಲೋ ಅದಾವ್ರಿ."

"ಮತ್ತ ಊರಾಗ ರೋಗ ಐತಿ ಅಂತಾರಲ್ಲ?"

"ಊರಾಗ ಇರಬೇಕ್ರಿ. ನಾವು ಹೊಲದಾಗ ಇರ್ತೇವಿ."

ಶಿವಾನಂದರು ನನ್ನ ಕಡೆ ನೋಡಿ ನಕ್ಕರು. ನಾನು ಗುಡಿಸಲಿನ ಹಿಂದೆ ಹೋಗಿ ಆ ಮನೆಯ ಹಿರಿಯಳ ಹತ್ತಿರ ಕುಳಿತೆ. ಮರಿಗಳ ಸುದ್ದಿ ಎತ್ತಲಿಲ್ಲ.

"ಆಯಿ, ಈಗ ಎಷ್ಟ ಕುರಿ ಹಾಲು ಹಿಂಡಾಕತ್ತೀರಿ?"

"ಅಯ್ಯ, ಈ ವರ್ಷ ಬಾಳ ಅದಾವ ಬಿಡವಾ. ಹಿಂಡಿ ಹಿಂಡಿ ಬೆರಳು ಸೆಟದಾವ. ಕುಡಿ ಒಂದೀಟು."

ಇದರ ಹಿನ್ನೆಲೆ ತಿಳಿಸಬೇಕು. ನಮ್ಮ ಮನೆತನಗಳಲ್ಲಿ ಇನ್ನೂ ಈಯಬೇಕಾದ ಕುರಿಗಳು ಹಟ್ಟಿಯಲ್ಲಿರುವಾಗ ಸತ್ತ ಮರಿಯ ಎಣಿಕೆಯನ್ನು ಬಾಯಲ್ಲಿ ಆಡುವುದಿಲ್ಲ. ಆಡಿದರೆ ಸಾವನ್ನು ಮತ್ತೆ ಕರೆದಂತೆ ಎಂಬ ಭಾವನೆ. ಗಂಡಸರು ಮರಿಯನ್ನು ಸುಮ್ಮನೆ ಹೂತು ಬರುತ್ತಾರೆ. ಆದರೆ ಮರಿಯಿರುವ ತಾಯಿಕುರಿಯ ಹಾಲನ್ನು ಮನೆಗೆ ಹಿಂಡುವುದು ಕಡಿಮೆ, ಅದು ಮರಿಯ ಪಾಲು. ಮರಿ ಹೋದ ಕುರಿಯ ಕೆಚ್ಚಲು ಬಿಗಿಯುವುದರಿಂದ ಅದನ್ನು ಹಿಂಡಲೇಬೇಕು. ಹಾಲು ಹೆಂಗಸರ ಬಾಬತ್ತು. ಅದರ ಬಗ್ಗೆ ಮಾತಾಡಲು ಯಾವ ಅಡ್ಡಿಯೂ ಇಲ್ಲ. ಹೀಗೆ ಕೇಳಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಟ್ಟಿಯಲ್ಲಿ ಬೆಳೆದವಳಿಗೆ ಬೇರೆ ರೀತಿ ಕೇಳಲು ನಾಲಿಗೆ ಬರುವುದಿಲ್ಲ, ಅಷ್ಟೇ. ಹಿಂಡುವ ಕುರಿಗಳೆಷ್ಟೋ ಸತ್ತ ಮರಿಗಳೂ ಅಷ್ಟೆಂದು, ಸ್ವಲ್ಪ ಹೆಚ್ಚುಕಡಿಮೆ ಹಿಡಿದು, ಅಂದಾಜು ಬರೆದುಕೊಳ್ಳುತ್ತಿದ್ದೆ.

ಎಲ್ಲ ಮಾಹಿತಿ ಸೇರಿದ ಮೇಲೆ ಮುದ್ದೇಬಿಹಾಳದಲ್ಲಿ ಸರ್ ಅವರ ಮನೆಯ ಪಡಸಾಲೆಯಲ್ಲಿ ಲೆಕ್ಕಕ್ಕೆ ಕುಳಿತೆವು. ಮೂರು ತಾಲೂಕುಗಳ ಗಂಟೆಗಳು ನೆಟ್ಟಗೆ ಕುಳಿತವು. ಇಂಡಿ ಮೊದಲು, ಆಮೇಲೆ ಬಸವನ ಬಾಗೇವಾಡಿ, ಆಮೇಲೆ ಮುದ್ದೇಬಿಹಾಳ. ಸಿಂದಗಿಯದು ಮಾತ್ರ ವಿಚಿತ್ರವಾಗಿತ್ತು. ಶಿವಾನಂದರು ತಂದ ಹಾಳೆಯಲ್ಲಿ ಸಾವುಗಳು ಇಲ್ಲವೆನ್ನುವಷ್ಟು ಕಡಿಮೆ. ಗುಡ್ಡದ ನೆತ್ತಿ ಸೊನ್ನೆಯ ಗೋಡೆಗೆ ಹತ್ತಿಕೊಂಡು ನಿಂತಿತ್ತು. ಅದರ ಮೇಲೆ ಕವುಚಿದ ಗಂಟೆಯ ಎಡ ಅಂಚು ಗೋಡೆ ದಾಟಿ ಸೊನ್ನೆಯ ಆಚೆಗೆ ಬಿದ್ದಿತ್ತು.

ಶಿವಾನಂದರು ಬಗ್ಗಿ ನೋಡಿದರು.

"ಸರ್, ಸೊನ್ನಿಗಿಂತ ಕಡಿಮಿ ಅಂದ್ರ ಏನ್ರಿ? ಸತ್ತ ಮರಿ ತಿರುಗಿ ಎದ್ದು ಬಂದಾವೇನು?"

"ಸಿಂದಗಿ ಹುಲ್ಲು ಅಂಥಾದ್ದು ಇರಬೇಕಪ್ಪಾ," ಎಂದರು ಸರ್. ನಗಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಮಾಳವ್ವಾ, ಮಾಪಕ ಬದಲ ಮಾಡು."

ಹಾಗೆಂದರೆ, ಸಾವಿನ ಪಾಲನ್ನು ನೇರವಾಗಿ ಅಳೆಯದೆ, ಸತ್ತದ್ದಕ್ಕೂ ಬದುಕಿದ್ದಕ್ಕೂ ಇರುವ ಅನುಪಾತದ ಲಾಗರಿದಮ್‌ನಲ್ಲಿ ಅಳೆಯುವುದು. ಆ ಮಾಪಕದಲ್ಲಿ ಗೋಡೆ ಅನಂತ ದೂರಕ್ಕೆ ಸರಿದುಹೋಗುತ್ತದೆ, ಗಂಟೆಗೆ ಕೂರಲು ಜಾಗ ಸಿಗುತ್ತದೆ. ಹಾಗೆ ಮಾಡಿ ಮತ್ತೆ ಮೊದಲಿನ ಮಾಪಕಕ್ಕೆ ತಂದೆ. ಈಗ ಸೊನ್ನೆಯ ಆಚೆ ಏನೂ ಉಳಿಯಲಿಲ್ಲ. ಆದರೆ ರೇಖೆ ಬಲಕ್ಕೆ ಬಹಳ ದೂರ ಬಾಲ ಚಾಚಿತು. ಸಾವು ಕಡಿಮೆ ಇರಬಹುದು, ಬಹಳವೂ ಇರಬಹುದು, ಗೊತ್ತಿಲ್ಲ ಎಂಬುದೇ ಅದರ ಅರ್ಥ. ಸಂಸ್ಥೆಯವರಿಗೆ ಬೇಕಾದದ್ದು ತಾಲೂಕಿಗೊಂದು ಅಂಕಿ. ನೆತ್ತಿ ಎಲ್ಲಿದೆಯೋ ಅದೇ ಅಂಕಿ. ಸಿಂದಗಿ ಕೊನೆಗೆ ಬಿತ್ತು.

"ಗಾಡಿ ಸೋಮವಾರ ಇಂಡಿಗೆ ಬರತೈತಿ," ಎಂದರು ಸರ್. "ಮುಂದಿನ ಸರದಿ ವಾರದಾಗ ಕಳಿಸಿದ್ರ ಸಾಕು. ಒಮ್ಮೆ ತಪಾಸ ಮಾಡು."

ಅದರ ಮರುದಿನ ಮಧ್ಯಾಹ್ನ ತಾಳಿಕೋಟೆ ಬಸ್ ನಿಲ್ದಾಣದಲ್ಲಿ ಅಣ್ಣನ ಫೋನು ಬಂತು. ಅಣ್ಣ ಸುಮ್ಮನೆ ಫೋನು ಮಾಡುವವನಲ್ಲ.

"ಆರಾಮ ಅದೀಯೇನವಾ?"

"ಆರಾಮ ಅದೇನಿ ಅಣ್ಣ. ಯಾಕ?"

"ಏನಿಲ್ಲ. ಹಾಲು ಬಾಳ ಆಗೇತಿ. ಬಂದು ಒಯ್ಯಿ."

"ಎಷ್ಟ ಆಗೇತಣ್ಣ?"

"ಮನ್ಯಾಗಿನ ಬೋಗಾಣಿ ಎಲ್ಲಾ ತುಂಬ್ಯಾವ. ನಿಮ್ಮ ವೈನಿ ಬಾಜೂಕಿನ ಮನಿಗೂ ಕೊಡಾಕತ್ತಾಳ. ಅವರ ಮನ್ಯಾಗೂ ಅಷ್ಟ ಐತಂತ." ಆಮೇಲೆ, "ಗಾಡಿ ಬರತೈತಿ ಅಂದ್ರು. ನಮ್ಮ ಕಡೆ ಯಾವಾಗ?" ಎಂದ.

"ನನಗ ಗೊತ್ತಿಲ್ಲಣ್ಣ."

"ನೀನ ಬರ್ಯಾಕಿ ಅಂತಲ್ಲ?"

"ನಾನ ಬರ್ಯಾಕಿ, ಅದಕ್ಕ ಗೊತ್ತಿಲ್ಲ ಅಂದೆ."

ಫೋನು ಇಟ್ಟ. ನಾನು ಇಂಡಿಯ ಬಸ್ಸು ಬಿಟ್ಟು ಮತ್ತೆ ಮುದ್ದೇಬಿಹಾಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನಿಂತೇ ಹೋದೆ. ಶಿವಾನಂದರು ಮನಸ್ಸಿಟ್ಟೇ ಕೆಲಸ ಮಾಡಿದ್ದರು, ಅಚ್ಚಾದ ಪ್ರಶ್ನೆಯನ್ನು ಅಚ್ಚಾದಂತೆಯೇ ಕೇಳಿದ್ದರು. ಖಾಕಿ ಅಂಗಿಯ ಗಂಡಸು ಗಂಡಸರನ್ನು ಸತ್ತ ಮರಿಯ ಎಣಿಕೆ ಕೇಳಿದರೆ ನಮ್ಮವರು ಕೊಡುವ ಉತ್ತರ ಒಂದೇ. ಗಣಿತದಲ್ಲಿ ತಪ್ಪಿರಲಿಲ್ಲ. ನೆತ್ತಿಯ ಮೇಲೆ ನಿಂತು ಕಾಲ ಸುತ್ತಲಿನ ಇಳಿಜಾರನ್ನಷ್ಟೇ ನೋಡುವ ವಿಧಾನ ಅದು. ಆ ನೆತ್ತಿಯೇ ಬೇರೆ ಗುಡ್ಡದ್ದಾಗಿದ್ದರೆ ಅದೇನು ಮಾಡೀತು?

ಸರ್ ಅವರಿಗೆ ಎಲ್ಲವನ್ನೂ ನಿವೇದಿಸಿದೆ. ನಾನು ಮೂರು ತಾಲೂಕುಗಳಲ್ಲಿ ಕೇಳಿದ ಪ್ರಶ್ನೆ ಯಾವುದು, ಸಿಂದಗಿಯಲ್ಲಿ ಕೇಳಿದ ಪ್ರಶ್ನೆ ಯಾವುದು, ಎರಡೂ ಒಂದೇ ತಕ್ಕಡಿಯಲ್ಲಿ ಏಕೆ ತೂಗಲಾರವು ಎಂಬುದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡರು.

"ಸಿಂದಗಿಗೆ ಆ ಅಂಕಿ ಕೊಡಾಕ ಬರೂದಿಲ್ರಿ ಸರ್."

"ಇದನ್ನ ಯಾರು ಹೇಳಾಕತ್ತಾರ? ನನ್ನ ವಿದ್ಯಾರ್ಥಿನಿಯೋ, ಬೀರಪ್ಪನ ತಂಗಿಯೋ?"

"ಇಬ್ರೂ ಇಲ್ಲೇ ಕುಂತೇವ್ರಿ."

"ಅದ ಫಜೀತಿ," ಎಂದರು. "ನೀ ಹೇಳೂದು ಖರೆ ಇರಬಹುದು. ಆದ್ರ ನೀ ಹೇಳಿದ್ದಕ್ಕ ಅದು ಖರೆ ಅನಸೂದಿಲ್ಲ. ನೀ ಹೋಗಿ ಕೇಳಿ ಬಂದರೂ ಅಷ್ಟ. ಶಿವಾನಂದಗ ಮತ್ತ ಕಳಸಿದ್ರ, ಖಾಕಿ ಅಂಗಿಗೆ ಹೆಂಗಸ್ರು ಹಾಲಿನ ಸುದ್ದಿ ಹೇಳೂದಿಲ್ಲ, ಮತ್ತ 'ಎಲ್ಲಾ ಚೊಲೋ ಅದಾವ' ಅಂತ ಬರಕೊಂಡು ಬರತಾನ."

ಹೊರಗೆ ಯಾರೋ ಕುಸುಬಿ ಎಣ್ಣೆಯ ಡಬ್ಬಿ ಇಳಿಸುತ್ತಿದ್ದರು. ಸರ್ ಅವರ ಪತ್ನಿ ಚಹಾ ತಂದಿಟ್ಟು ನನ್ನ ಮುಖ ನೋಡಿ, ಕೇಳದೆಯೇ ಇನ್ನೊಂದು ಕಪ್ಪು ತಂದರು. ಸರ್ ತಮ್ಮ ಕಪ್ಪು ಕೆಳಗಿಟ್ಟರು.

"ನಾನ ಹೋಗ್ತೇನಿ."

"ನಿಮ್ಮ ಮೊಣಕಾಲು, ಸರ್?"

"ಮೊಣಕಾಲಿಗೆ ಸಿಂದಗಿ ತಾಲೂಕಿನಾಗ ಯಾರೂ ಬೀಗರಿಲ್ಲ."

"ಈ ವಯಸ್ಸಿನಾಗ ಹಟ್ಟಿ ಹಟ್ಟಿಗೆ ಹೋಗಿ ಹಾಲು ಎಷ್ಟ ಅಂತ ಕೇಳಿದ್ರ ಗೌಳಿಗ್ಯಾರ ಅಂತಾರ ನಿಮಗ," ಎಂದರು ಅವರ ಪತ್ನಿ.

"ಅನ್ಲಿ. ಪಿಂಚಣಿ ಸಾಲೂದಿಲ್ಲ ಅಂತ ತಿಳಕೊಳ್ತಾರ."

ನಾನು ಒಂದೇ ವಿನಂತಿ ಮಾಡಿದೆ. ನನ್ನ ಅಣ್ಣನ ಹಿಂಡಿಗೆ ಮಾತ್ರ ಹೋಗಬಾರದು, ಅದನ್ನು ಲೆಕ್ಕದಿಂದ ಪೂರ್ತಿ ಹೊರಗಿಡಬೇಕು. ಸರ್ ತಲೆಯಾಡಿಸಿದರು. ನಾನು ಹೇಳದಿದ್ದರೆ ಅವರೇ ಹೇಳುತ್ತಿದ್ದರೆಂದು ಅವರ ಮುಖ ನೋಡಿ ತಿಳಿಯಿತು.

ಅವರು ಬಾಡಿಗೆ ಜೀಪಿನಲ್ಲಿ ಹೋದರು. ಬಂದ ದಿನ ಕಾಲು ಚಾಚಿಕೊಂಡೇ ಕುಳಿತು ತಮ್ಮ ಹಾಳೆಗಳನ್ನು ನನ್ನ ಕಡೆ ತಳ್ಳಿದರು. "ಎಲ್ಲಾ ಕಡೆ ಹಾಲು ಕುಡಿಸ್ಯಾರ. ಹೊಟ್ಟಿ ಉಬ್ಬಿ ಕುಂತೈತಿ," ಎಂದರು. ಅದರಲ್ಲಿ ಸಂತೋಷವಿರಲಿಲ್ಲ. ನಾನು ಮತ್ತೆ ಲೆಕ್ಕ ಮಾಡಿದೆ. ಈ ಸಲ ಗುಡ್ಡ ಗೋಡೆಯಿಂದ ದೂರ ಸರಿದು ಸ್ವತಂತ್ರವಾಗಿ ನಿಂತಿತು, ಯಾವ ಮಾಪಕದಲ್ಲಿಟ್ಟರೂ ಗಂಟೆ ಸರಿಯಾಗಿ ಕುಳಿತಿತು. ನೆತ್ತಿ ಮಾತ್ರ ಇಂಡಿಗಿಂತಲೂ ಮುಂದೆ, ಹೆಚ್ಚು ಸಾವಿನ ಕಡೆ ಇತ್ತು.

ಗಾಡಿ ಆಗಲೇ ಇಂಡಿಯಲ್ಲಿ ಕೆಲಸ ಆರಂಭಿಸಿತ್ತು, ಅದನ್ನು ನಡುವೆ ತಿರುಗಿಸುವಂತಿರಲಿಲ್ಲ. ಸಿಂದಗಿ ಎರಡನೆಯದಾಯಿತು. ಬಸವನ ಬಾಗೇವಾಡಿ ಒಂದು ಸ್ಥಾನ ಕೆಳಗಿಳಿಯಿತು. ಅಂದರೆ ಶಿವಾನಂದರ ಮಸೂತಿ ಕೆಳಗಿಳಿಯಿತು. ಅವರು ಒಂದು ದಿನ ಸರಿಯಾಗಿ ಮಾತಾಡಲಿಲ್ಲ. ಎರಡನೆಯ ದಿನ ಹೇಳಿದರು:

"ಅಕ್ಕೋರ, ಮಸೂತ್ಯಾಗ ನನ್ನ ಕೇಳಾಕತ್ತಾರ, ಆ ಹೆಣ್ಮಗಳು ತನ್ನ ತವರಿಗೆ ಗಾಡಿ ಒಯ್ದಳಂತಲ್ಲ ಅಂತ. ನಾ ಏನ್ ಹೇಳ್ಲಿ?"

"ನೀವು ಏನ್ ಹೇಳಿದ್ರಿ?"

"ಲೆಕ್ಕ ಹಂಗ ಬಂದೈತಿ ಅಂದೆ. ಅದಕ್ಕ ಅವ್ರು, ಲೆಕ್ಕ ಮಾಡಿದಾಕಿ ಯಾರು ಅಂದ್ರು." ಆಮೇಲೆ ದನಿ ಇಳಿಸಿ, "ನಾ ಸಿಂದಗ್ಯಾಗ ನಿಮ್ಮಂಗ ಕೇಳಿದ್ರ ಮೊದಲನೇ ಸಲಾನ ಮುಗೀತಿತ್ತು. ಆದ್ರ ನನಗ ಯಾರ ಹೇಳ್ತಾರ್ರಿ ಹಾಲಿನ ಸುದ್ದಿ?" ಎಂದರು.

ಮುಂದಿನ ಅವಧಿಗೆ ಸಂಸ್ಥೆಯವರು ನನ್ನ ಯೋಜನಾ ಕೆಲಸವನ್ನು ಮುಂದುವರಿಸಲಿಲ್ಲ. ಕಾರಣ ತಿಳಿಸಲಿಲ್ಲ, ನಾನೂ ಮನವಿ ಬರೆಯಲಿಲ್ಲ. ಬರೆಯುವ ಶಕ್ತಿ ಉಳಿದಿರಲಿಲ್ಲವೆಂಬುದೇ ನಿಜ.

ಗಾಡಿ ಮೋರಟಗಿಗೆ ಬಂದ ದಿನ ನಾನೂ ಹೋದೆ. ಕಾಲುವೆ ನೀರಿನ ಹೊಲಗಳ ಆಚೆ, ಒಣ ಬೇಸಾಯದ ಬಯಲಿನಲ್ಲಿ ಅಣ್ಣನ ಹಟ್ಟಿ ಇತ್ತು. ಅಣ್ಣ ಒಂದೊಂದೇ ಕುರಿಯನ್ನು ಮೊಣಕಾಲ ನಡುವೆ ಹಿಡಿದು ನಿಲ್ಲಿಸುತ್ತಿದ್ದ, ಶಿವಾನಂದರು ಸೂಜಿ ಚುಚ್ಚುತ್ತಿದ್ದರು. ಮರಿಗಳನ್ನು ಕೂಡಿಹಾಕುವ ಬಿದಿರಿನ ತಡಿಕೆಯೊಳಗೆ ಬಹಳ ಜಾಗ ಕಾಣುತ್ತಿತ್ತು. ನಾನು ಆ ಕಡೆ ಹೆಚ್ಚು ಹೊತ್ತು ನೋಡಲಿಲ್ಲ. ಅಣ್ಣನ ಹೆಂಡತಿ ಕಲ್ಲವ್ವ ವೈನಿ ಚರಿಗೆಯಲ್ಲಿ ಹಾಲು ತಂದರು.

ಶಿವಾನಂದರು ಕೈ ಒರೆಸಿಕೊಂಡು ಜೇಬಿನಿಂದ ಪೆನ್ನು ತೆಗೆದರು. ಅಷ್ಟರಲ್ಲಿ ಅವರಿಗೂ ಹಾಗೆ ಕೇಳುವುದು ರೂಢಿಯಾಗಿತ್ತು.

"ಅಕ್ಕಾ, ಈಗ ಎಷ್ಟ ಕುರಿ ಹಿಂಡಾಕತ್ತೀರಿ?"

ವೈನಿ ಅಣ್ಣನ ಕಡೆ ನೋಡಿದರು. ಅಣ್ಣ ಹಿಡಿದ ಕುರಿಯನ್ನು ಬಿಟ್ಟು, ಏನೋ ನೆನಪಾದವನಂತೆ ದೂರದ ಕುರಿಗಳ ಕಡೆ ನಡೆದುಹೋದ.

"ಇದನ್ನ ಕೇಳಬ್ಯಾಡ್ರಿ," ಎಂದೆ ನಾನು. "ಈ ಹಿಂಡು ಲೆಕ್ಕದಾಗ ಇಲ್ಲ."

ಶಿವಾನಂದರು ನನ್ನನ್ನೂ ವೈನಿಯನ್ನೂ ನೋಡಿದರು. ಪೆನ್ನು ಜೇಬಿಗೆ ಹಾಕಿಕೊಂಡರು. "ಹಂಗಾರ ಹಾಲರ ಕುಡಿಯಾಕ ಕೊಡ್ರಿ," ಎಂದು ನೆಲಕ್ಕೆ ಕುಳಿತರು. ವೈನಿ ನನಗೂ ಕೊಟ್ಟರು. ಗಟ್ಟಿ ಹಾಲು, ಬೆಚ್ಚಗಿತ್ತು. ಕುಡಿಯದಿದ್ದರೆ ವೈನಿಗೆ ನೋವಾಗುತ್ತದೆಂದು ಕುಡಿದೆ.

ಹೊರಡುವಾಗ ಅಣ್ಣ ಬಸ್ಸಿನ ದಾರಿಯವರೆಗೆ ಬಂದ. ಬಸ್ಸು ಕಣ್ಣಿಗೆ ಬಿದ್ದ ಮೇಲೆ ಮಾತಾಡಿದ.

"ಗಾಡಿ ಯಾಕ ತಡಾ ಆತು ಅಂತ ನಾ ನಿನ್ನ ಕೇಳಂಗಿಲ್ಲ. ನೀನೂ ನನಗ ಏನೂ ಕೇಳಬ್ಯಾಡ."

ಇಲ್ಲಿಯವರೆಗೆ ನಾವಿಬ್ಬರೂ ಆ ಮಾತನ್ನು ಪಾಲಿಸಿರುತ್ತೇವೆ.

ಆದಕಾರಣ ಮಾನ್ಯ ಓದುಗರಲ್ಲಿ ನನ್ನ ಕೊನೆಯ ವಿನಂತಿ. ಮೇಲಿನ ಬರಹದಲ್ಲಿ ಕಾಗುಣಿತದ ದೋಷ, ವಾಕ್ಯದ ದೋಷ, ಗಣಿತವನ್ನು ವಿವರಿಸುವಲ್ಲಿ ಆಗಿರಬಹುದಾದ ದೋಷ, ಯಾವುದೇ ಕಂಡುಬಂದಲ್ಲಿ ಸಂಕೋಚವಿಲ್ಲದೆ ತಿದ್ದಬೇಕು; ತಿದ್ದಿಸಿಕೊಳ್ಳುವುದು ನನಗೆ ರೂಢಿಯಿದೆ. ಆದರೆ ಆ ಚಳಿಗಾಲದಲ್ಲಿ ನನ್ನ ಅಣ್ಣನ ಹಟ್ಟಿಯಲ್ಲಿ ಎಷ್ಟು ಮರಿಗಳು ಸತ್ತವೆಂಬುದನ್ನು ನಾನು ಎಲ್ಲಿಯೂ ಬರೆದಿಲ್ಲ. ಅದನ್ನು ಬಿಟ್ಟುಹೋದ ತಪ್ಪೆಂದು ಎಣಿಸಬಾರದಾಗಿ ಪ್ರಾರ್ಥನೆ.